ಬಾರದಾನದ ತೂಕ

ಶಿಶುಕೇಂದ್ರದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ಮಿರಜಿನ ನನ್ನ ಮನೆ ಹುಡುಕಿಕೊಂಡು ಬಂದಿದ್ದರು. ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು, ನಾಲ್ಕು ಮಾತು ಬರೆದುಕೊಡಿ ಎಂದು ಕೇಳಿದರು. ಅವರಲ್ಲೊಬ್ಬಳು ನನಗೆ ಬಡ್ತಿ ಯಾವಾಗ ಸಿಕ್ಕಿತೆಂದೂ ವಿಚಾರಿಸಿದಳು. ಸಿಕ್ಕಿತ್ತು, ಕೂದಲು ಬೆಳ್ಳಗಾದ ಮೇಲೆ. ಅದರಿಂದ ನಾನು ಕೂರುವ ಕುರ್ಚಿಗೆ ಕೈಗಳು ಬಂದವು, ಅಷ್ಟೇ. ಅದನ್ನು ಬರೆದು ಯಾರಿಗೇನು ಪ್ರಯೋಜನ? ನಾನು ಬರೆಯುವುದು ತಕ್ಕಡಿಯ ವಿಷಯ. ಹುಡುಗಿಯರೇ, ಮಕ್ಕಳನ್ನು ತೂಗುವುದೇ ನಿಮ್ಮ ಕೆಲಸ ಎಂದು ನಿಮಗೂ ಹೇಳಿರುತ್ತಾರೆ. ನನಗೂ ಹಾಗೆಯೇ ಹೇಳಿದ್ದರು.

ಆಗ ಸಾಂಗ್ಲಿಗೆ ಒಬ್ಬ ದೊರೆ, ಮಿರಜಿಗೆ ಇನ್ನೊಬ್ಬ. ನಾನು ಮಿರಜಿನಲ್ಲಿ ಉಂಡು ಮಲಗಿ ಸಾಂಗ್ಲಿಯಲ್ಲಿ ದುಡಿಯುತ್ತಿದ್ದೆ. ದಿನಕ್ಕೆ ಎರಡು ಸಲ ರಾಜ್ಯ ದಾಟುತ್ತಿದ್ದರೂ ಟಾಂಗಾದ ಕುದುರೆಗಾಗಲಿ ನನಗಾಗಲಿ ಅದರ ಗುರುತು ಹತ್ತುತ್ತಿರಲಿಲ್ಲ. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡಿದ್ದ. ಮನೆಯಲ್ಲಿ ಮೂಲೆ ಹಿಡಿದು ಕೂರುವುದು ನನ್ನ ಸ್ವಭಾವಕ್ಕೆ ಒಗ್ಗದೆ ಹಟ ಹಿಡಿದು ದಾದಿಯ ಕೆಲಸ ಕಲಿತಿದ್ದೆ. ಸಾಂಗ್ಲಿಯ ಬೆಲ್ಲದ ಪೇಟೆಯ ಹಿಂದೆ ಕೆಲವು ದಾನಿಗಳು ಒಂದು ಶಿಶುಕೇಂದ್ರ ತೆರೆದಾಗ ನನ್ನನ್ನು ಕರೆದದ್ದು ನನ್ನ ಜಾಣತನಕ್ಕಲ್ಲ, ಕನ್ನಡಕ್ಕೆ. ಪೇಟೆಯ ಅಂಗಡಿಗಳಲ್ಲಿ ಬಹಳಷ್ಟು ನಮ್ಮ ಕಡೆಯ ಲಿಂಗವಂತರವು. ಗಂಡಸರು ವ್ಯಾಪಾರಕ್ಕೆ ಮರಾಠಿ ಆಡುತ್ತಿದ್ದರು. ಹೆಂಗಸರು ಕೂಸಿನ ಹೊಟ್ಟೆನೋವನ್ನು ಮಾತ್ರ ಕನ್ನಡದಲ್ಲೇ ಹೇಳುತ್ತಿದ್ದರು. ಕೇಂದ್ರದ ಡಾಕ್ಟರಬಾಯಿ ಪುಣೆಯವರು. ಕನ್ನಡ ಒಂದಕ್ಷರ ಬಾರದು, ಮೂಗಿನ ತುದಿಯಲ್ಲೇ ಸಿಟ್ಟು. ಅವರ ಸಿಟ್ಟನ್ನು ಅರ್ಧಕ್ಕೆ ಇಳಿಸಿ ಕನ್ನಡದಲ್ಲಿ ಹೇಳುವುದು ನನ್ನ ಮೊದಲ ಉದ್ಯೋಗವಾಗಿತ್ತು.

ಕೇಂದ್ರದ ಹಿಂದೆ ಸಣ್ಣ ಹಿತ್ತಿಲಿತ್ತು. ಕೂಸುಗಳನ್ನು ಮೀಯಿಸಿದ ನೀರು ಸುಮ್ಮನೆ ಹರಿದು ಹೋಗುವುದನ್ನು ನೋಡಲಾರದೆ ಅಲ್ಲಿ ಕುಂಬಳ, ಹೀರೆ, ಬದನೆ ಹಾಕಿದೆ. ಮಕ್ಕಳ ಮೈ ತೊಳೆದ ನೀರು ಕುಡಿದು ಬಳ್ಳಿಗಳು ಹುಚ್ಚೆದ್ದು ಹಬ್ಬಿದವು. ತಾಯಂದಿರು ಕಾಯಿ ಒಯ್ಯುತ್ತಿದ್ದರು, ಬೀಜ ಕೇಳುತ್ತಿದ್ದರು. ಅಲ್ಲಿ ಒಂದು ಕಟ್ಟಳೆಯೂ ಇತ್ತು. ಎಳೆಯ ಕುಂಬಳದ ಹೀಚಿಗೆ ಬೆರಳು ನೆಟ್ಟಗೆ ಮಾಡಿ ತೋರಿಸಬಾರದು, ತೋರಿಸಿದರೆ ಕೊಳೆತು ಉದುರುತ್ತದೆ. ತೋರಿಸಲೇಬೇಕಿದ್ದರೆ ಬೆರಳು ಮಡಚಿ ಗೆಣ್ಣಿನಿಂದ ತೋರಿಸಬೇಕು. ಮರೆತು ಬೆರಳೆತ್ತಿದ ಮಕ್ಕಳ ಕೈಗೆ ತಾಯಂದಿರು ಥಟ್ಟನೆ ಒಂದೇಟು ಹಾಕುತ್ತಿದ್ದರು. ಡಾಕ್ಟರಬಾಯಿ ಇದನ್ನು ನೋಡಿ ನಗುತ್ತಿದ್ದರು. ಬೆಳೆಯುವ ಯಾವುದಕ್ಕೂ ಆ ಹೆಂಗಸರು ಅದೇ ಕಟ್ಟಳೆ ಹಾಕಿದ್ದಾರೆಂಬುದು ಅವರಿಗಿನ್ನೂ ತಿಳಿದಿರಲಿಲ್ಲ.

ತಿಳಿದದ್ದು ಬಹುಮಾನದ ದಿನ. ಮುಂಬೈಯಲ್ಲೋ ಪುಣೆಯಲ್ಲೋ ಗುಂಡುಗುಂಡಾದ ಕೂಸುಗಳಿಗೆ ಬಹುಮಾನ ಕೊಡುವುದನ್ನು ಡಾಕ್ಟರಬಾಯಿ ನೋಡಿದ್ದರು. ನಾವೂ ಮಾಡೋಣ ಎಂದರು. ಬೇಡವೆಂದು ಹೇಳಲು ನಾನಿನ್ನೂ ಹೊಸಬಳು. ಜೋಳಿಗೆಯ ತಕ್ಕಡಿಯಲ್ಲಿ ಅಂದು ಬಂದಿದ್ದ ಕೂಸುಗಳನ್ನೆಲ್ಲ ತೂಗಿ, ಅಂಗಳ ತುಂಬ ಕುಳಿತಿದ್ದ ಹೆಂಗಸರ ಮುಂದೆ ಒಂದು ಕೂಸನ್ನು ಮೇಲಕ್ಕೆತ್ತಿ, ಎಲ್ಲಕ್ಕಿಂತ ಭಾರವಾದದ್ದು ಇದೇ ನೋಡಿ ಎಂದು ಮರಾಠಿಯಲ್ಲಿ ಸಾರಿ, ತಾಯಿಗೆ ಒಂದು ಕೆಂಪು ಟವೆಲು ಕೊಟ್ಟರು. ಆ ತಾಯಿಯ ಮುಖ ಸುಣ್ಣದಂತಾಯಿತು. ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಿದಳು. ಸಂಜೆ ನಾನು ಟಾಂಗಾ ಹತ್ತುವಾಗ ಕೆಂಪು ಟವೆಲು ಮೂರು ದಾರಿ ಕೂಡುವಲ್ಲಿ ಮೆಣಸಿನಕಾಯಿ, ಉಪ್ಪಿನ ಜೊತೆ ಬಿದ್ದಿತ್ತು. ಮರುವಾರ ಕೇಂದ್ರಕ್ಕೆ ಒಂದು ನರಪಿಳ್ಳೆಯೂ ಬರಲಿಲ್ಲ. ಡಾಕ್ಟರಬಾಯಿ ಖಾಲಿ ಅಂಗಳ ನೋಡುತ್ತ ನಿಂತು, ನಾನು ಮಾಡಿದ ತಪ್ಪೇನು ಎಂದು ಕೇಳಿದರು. ನಿಮ್ಮ ಬೆರಳು ನೆಟ್ಟಗಿತ್ತು ಎಂದೆ. ಅವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಅಂದಿನಿಂದ ನನ್ನನ್ನು ಕೇಳದೆ ಏನನ್ನೂ ಮಾಡುತ್ತಿರಲಿಲ್ಲ.

ಹೆಂಗಸರು ಒಬ್ಬೊಬ್ಬರಾಗಿ ತಿರುಗಿ ಬಂದರು, ಆದರೆ ತಕ್ಕಡಿಯ ಹತ್ತಿರ ಕೂಸನ್ನು ತರಲೊಲ್ಲರು. ಆಗ ದಾರಿ ತೋರಿಸಿದವಳು ನೀಲವ್ವ. ಬೆಲ್ಲದ ಅಂಗಡಿಯವರ ಸೊಸೆ, ತವರು ಮಿರಜಿನ ಹತ್ತಿರದ ಮಾಲಗಾಂವ. ಹೆತ್ತ ಮಕ್ಕಳೆಲ್ಲ ಹಾಲುಗಲ್ಲದಲ್ಲೇ ಹೋಗಿ, ಕೊನೆಗೆ ಉಳಿದದ್ದು ಒಂದು ಹೆಣ್ಣು ಕೂಸು. ಅದನ್ನು ಹುಟ್ಟಿದ ಕೂಡಲೇ ತಿಪ್ಪೆಯ ಮೇಲೆ ಹೊರಳಿಸಿ, ಹಿಡಿ ತೌಡು ಕೊಟ್ಟು ಮರಳಿ ಕೊಂಡು, ತಿಪ್ಪವ್ವ ಎಂದು ಕರೆದಿದ್ದರು. ತಿಪ್ಪೆಯಲ್ಲಿ ಬಿದ್ದದ್ದು ಯಮನಿಗೂ ಬೇಡವಾಗಲಿ ಎಂದು. ತೊಟ್ಟಿಲಲ್ಲಿ ಇಟ್ಟ ಹೆಸರು ಪಾರ್ವತಿ. ಅದನ್ನು ಕಿವಿಯಲ್ಲಿ ಒಮ್ಮೆ ಉಸುರಿದ್ದು ಬಿಟ್ಟರೆ ಯಾರೂ ಆಡುವಂತಿರಲಿಲ್ಲ. ಮೈಗೆ ಮನೆಮನೆ ಬೇಡಿ ತಂದ ತುಂಡು ಬಟ್ಟೆ ಹೊಲಿದ ಅಂಗಿ. ಮಗುವಿಗೆ ಐದು ತುಂಬಿದ ದಿನ ಅದರ ತೂಕದಷ್ಟು ಬೆಲ್ಲವನ್ನು ಮನೆದೇವರಿಗೆ ತೂಗಿ ಹಂಚುವೆನೆಂದು ನೀಲವ್ವ ಹರಕೆ ಹೊತ್ತಿದ್ದಳು. ಅಲ್ಲಿಯವರೆಗೆ ತಾನು ಒಪ್ಪತ್ತು ಉಣ್ಣುವುದು, ಹೊಸ ಬಟ್ಟೆ ತೊಡಿಸದಿರುವುದು, ಮಗುವನ್ನು ಮುದ್ದು ಮಾಡದಿರುವುದು. ಕೂಸು ಅವಳ ಮುಖ ಹಿಡಿದು ನಕ್ಕರೆ ಆಕಡೆ ತಿರುಗಿಬಿಡುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ; ಇವಳಿಗೆ ಮುತ್ತಿನಂಥ ಮಗಳಿದ್ದೂ ಕಣ್ಣೆತ್ತಿ ನೋಡುವ ಧೈರ್ಯವಿಲ್ಲವಲ್ಲ ಎಂದು ನನಗೆ ಸಂಕಟವಾಗುತ್ತಿತ್ತು. ಮೊದಲು ಐದು ತುಂಬಲಿ ಬಾಯಾರ, ಎಂದು ಅವಳದು ಒಂದೇ ಮಾತು; ಹೆಂಗಸರೆಲ್ಲ ನನ್ನನ್ನು ಬಾಯಾರ ಎಂದೇ ಕರೆಯುತ್ತಿದ್ದರು.

ಹರಕೆಗೆ ಮೊದಲೇ ಮಗುವನ್ನು ತಕ್ಕಡಿಗೆ ಇಡುವುದು ಹೇಗೆ? ನೀಲವ್ವ ವ್ಯಾಪಾರಿಯ ಮನೆಯ ಲೆಕ್ಕ ಹೇಳಿದಳು. ಬೆಲ್ಲವನ್ನು ಚೀಲದ ಸಮೇತ ತೂಗಿ, ಆಮೇಲೆ ಖಾಲಿ ಚೀಲದ ತೂಕ ಕಳೆಯುತ್ತಾರಲ್ಲ, ಹಾಗೆ ಮಾಡಬೇಕು. ಪೇಟೆಯಲ್ಲಿ ಆ ಖಾಲಿ ಚೀಲಕ್ಕೆ ಬಾರದಾನ ಎನ್ನುತ್ತಾರೆ.

"ನನ್ನ ತೂಗ್ರಿ ಬಾಯಾರ," ಎಂದಳು. "ಕೂಸು ನನ್ನ ಬಗಲಾಗ ತನ್ನ ಪಾಡಿಗೆ ತಾ ಇರತೈತಿ. ಆಮ್ಯಾಲ ಬಾರದಾನ ಕಳೀರಿ. ನಾನಽ ಬಾರದಾನ."

ಕುಳಿತವರೆಲ್ಲ ನಕ್ಕರು, ಒಪ್ಪಿದರು. ತೂಗುವುದು ತಾಯಿಯನ್ನು ಎಂದಾದ ಮೇಲೆ ಕೂಸಿಗೆ ದೃಷ್ಟಿ ತಾಗುವ ಭಯವಿರಲಿಲ್ಲ. ಪೇಟೆಯಿಂದ ಒಂದು ಹಳೆಯ ದೊಡ್ಡ ತಕ್ಕಡಿ ತರಿಸಿ ಅಂಗಳದ ತೊಲೆಗೆ ನೇತುಹಾಕಿದೆವು. ಮೊದಲ ದಿನ ತಾಯಿಯನ್ನು ಒಬ್ಬಳನ್ನೇ ತೂಗುವುದು, ಆಮೇಲೆ ಮಗುವಿನೊಂದಿಗೆ. ಮುಂದಿನ ಸಲ ಮತ್ತೆ ತಾಯಿಯನ್ನು ಬೇರೆಯಾಗಿ ತೂಗಹೋದಾಗ ಹೆಂಗಸರಿಗೆ ಬೇಸರ. ಬಾರದಾನವನ್ನು ಯಾರಾದರೂ ದಿನಾ ತೂಗುತ್ತಾರೆಯೇ ಎಂದು ನೀಲವ್ವನೇ ಚೇಷ್ಟೆ ಮಾಡಿದಳು. ಪೇಟೆಯಲ್ಲೂ ಚೀಲಕ್ಕೆ ಇಷ್ಟು ಎಂದು ಒಮ್ಮೆ ಗೊತ್ತು ಮಾಡಿ ಅದನ್ನೇ ಕಳೆಯುವ ರೂಢಿ. ಡಾಕ್ಟರಬಾಯಿಗೂ ಅದು ಸರಿಯೆನಿಸಿತು, ಸಮಯ ಉಳಿಯುತ್ತಿತ್ತು. ಹೀಗೆ ಮೊದಲ ದಿನದ ತೂಕವೇ ತಾಯಿಯ ತೂಕವೆಂದು ನಿಂತಿತು. ಬೇರೆ ಯಾವ ಊರಿನಲ್ಲೂ ಇಂಥ ಎಡವಟ್ಟು ನಡೆದಿರಲಾರದು. ಬೆಲ್ಲದ ಪೇಟೆಯ ಬುದ್ಧಿ ಬೆಲ್ಲಕ್ಕೆ ಸರಿ.

ತಿಪ್ಪವ್ವ ನಡೆದಳು, ಮಾತಾಡಿದಳು, ನನ್ನ ಬದನೆ ಗಿಡ ಮುರಿದಳು. ಆದರೆ ತಕ್ಕಡಿಯ ಲೆಕ್ಕದಲ್ಲಿ ಮಾತ್ರ ಅವಳು ಬೆಳೆಯುವುದು ನಿಂತುಹೋಯಿತು. ತಾಯಿ ಮಗಳು ಕೂಡಿದ ತೂಕ ತಿಂಗಳಿಂದ ತಿಂಗಳಿಗೆ ಅಲುಗಲೇ ಇಲ್ಲ. ಡಾಕ್ಟರಬಾಯಿ ನೀಲವ್ವನ ಮೇಲೆ ರೇಗಿದರು, ಮಗುವಿಗೆ ಹಾಲು ಕೊಡುತ್ತೀಯೋ ಇಲ್ಲವೋ ಎಂದು. ನಾನು ಅದನ್ನು ಕನ್ನಡಕ್ಕೆ ಇಳಿಸುತ್ತಿರುವಾಗ ಮಗುವಿನ ಕೈ ನನ್ನ ಕೈಯಲ್ಲಿತ್ತು. ಹೋದ ಸಲ ಜಾರುತ್ತಿದ್ದ ಗಾಜಿನ ಬಳೆ ಈ ಸಲ ತಿರುಗುತ್ತಿರಲಿಲ್ಲ. ಮಗು ತುಂಬಿಕೊಂಡಿತ್ತು. ಹಾಗಾದರೆ ಕಡಿಮೆಯಾದದ್ದು ಯಾವುದು? ಮಗುವನ್ನು ಕೆಳಗಿಳಿಸಿ, ನೀಲವ್ವನೊಬ್ಬಳನ್ನೇ ತಕ್ಕಡಿಗೆ ಹತ್ತಿಸಿದೆ.

ಮೊದಲ ದಿನ ಅವಳಿಗೆ ಬಂದಿದ್ದಷ್ಟೇ ಕಲ್ಲುಗಳನ್ನು ಎದುರಿಗಿಟ್ಟಾಗ ಅವಳ ಕಡೆಯ ತಟ್ಟೆ ಮೇಲಕ್ಕೇರಿ ನಿಂತಿತು. ಎದುರಿನ ತಟ್ಟೆಯಿಂದ ನಾನು ಕಲ್ಲುಗಳನ್ನು ತೆಗೆಯುತ್ತ ಹೋದೆ. ಡಾಕ್ಟರಬಾಯಿ ನೀಲವ್ವನನ್ನು ಒಳಗೆ ಕರೆದೊಯ್ದು ಎದೆಗೆ, ಬೆನ್ನಿಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. ಒಪ್ಪತ್ತಿನಿಂದ ಬಡವಾಗಿದ್ದಾಳೆಂದು ಮನೆಯವರು ತಿಳಿದಿದ್ದರು; ಸಂಜೆಯ ಜ್ವರವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೊರಗೆ ಬಂದು ಡಾಕ್ಟರಬಾಯಿ ನನಗೆ ಮೆಲ್ಲಗೆ ಹೇಳಿದರು: ಕ್ಷಯ, ಬಹಳ ಮುಂದುವರಿದಿದೆ. ಮಗುವನ್ನು ಇಂದಿನಿಂದಲೇ ಬೇರೆ ಇಡಬೇಕು. ಮುಟ್ಟಬಾರದು, ಒಂದೇ ತಟ್ಟೆಯಲ್ಲಿ ಉಣ್ಣಬಾರದು, ಪಕ್ಕದಲ್ಲಿ ಮಲಗಿಸಬಾರದು. ಅವರ ಎಷ್ಟೋ ಮಾತುಗಳನ್ನು ನಾನು ಅರ್ಧ ಮಾಡಿ ಹೇಳಿದ್ದೆ. ಇದನ್ನು ಅರ್ಧ ಮಾಡುವಂತಿರಲಿಲ್ಲ.

ಹಿತ್ತಿಲ ಕಟ್ಟೆಯ ಮೇಲೆ ಕೂಡಿಸಿಕೊಂಡು ನೀಲವ್ವನಿಗೆ ಎಲ್ಲ ಹೇಳಿದೆ. ಅವಳು ಅಳಲಿಲ್ಲ. ಬಳ್ಳಿಯ ಕೆಳಗೆ ಮಣ್ಣಾಡುತ್ತಿದ್ದ ಮಗಳನ್ನು ನೋಡುತ್ತ ಕುಳಿತಿದ್ದಳು. ಅಷ್ಟು ಹೊತ್ತು ಅವಳು ಮಗಳನ್ನು ನೇರವಾಗಿ ನೋಡಿದ್ದನ್ನು ನಾನು ಅದೇ ಮೊದಲು ಕಂಡದ್ದು.

"ಐದು ತುಂಬೂತನಕ ಮುದ್ದ ಮಾಡೂದಿಲ್ಲಂತ ನಾನಽ ದೇವರಿಗೆ ಹೇಳಿದ್ದೆ," ಎಂದಳು ಕೊನೆಗೆ. "ಅವ ಕೇಳಿಸಿಕೊಂಡಾನ ನೋಡ್ರಿ."

ಹುಡುಗಿಯರೇ, ಈ ಕೆಲಸದಲ್ಲಿ ಉತ್ತರವಿಲ್ಲದ ಮಾತುಗಳು ಬರುತ್ತವೆ. ಆಗ ಎದ್ದು ಹೋಗಬೇಡಿ, ಪಕ್ಕದಲ್ಲಿ ಕುಳಿತಿರಿ.

ನೀಲವ್ವನನ್ನು ಮಾಲಗಾಂವದ ತವರಿಗೆ ಕಳಿಸುವುದೆಂದಾಯಿತು. ಅವಳ ಅಣ್ಣ ಬಸಪ್ಪ ಊರ ಹೊರಗಿನ ತೋಟದಲ್ಲಿ ಗಾಳಿ ಆಡುವಂಥ ಗುಡಿಸಲು ಕಟ್ಟಿಸಿದ. ಮಗುವನ್ನು ಸಾಂಗ್ಲಿಯಲ್ಲೇ ಇಟ್ಟುಕೊಳ್ಳುವೆನೆಂದು ಅತ್ತೆ ಹಟ ಹಿಡಿದರು. ಡಾಕ್ಟರಬಾಯಿ ಒಪ್ಪಲಿಲ್ಲ. ಮುಟ್ಟಬಾರದೆಂದರೆ ನೋಡಬಾರದೆಂದಲ್ಲ ಎಂದು ವಾದಿಸಿ, ತಾವೇ ನನ್ನ ಜೊತೆ ಮಾಲಗಾಂವಕ್ಕೆ ಬಂದರು. ಬಾವಿಯಿಂದ ಎತ್ತುಗಳು ಚರ್ಮದ ಚೀಲದಲ್ಲಿ ಎಳೆದು ಸುರಿಯುವ ನೀರು ಒಂದು ಕಾಲುವೆಯಲ್ಲಿ ತೋಟದ ನಡುವೆ ಹರಿಯುತ್ತಿತ್ತು. ಡಾಕ್ಟರಬಾಯಿ ಸೀರೆ ಎತ್ತಿಕೊಂಡು ಆ ಕೆಸರಿನಲ್ಲಿ ಕೊನೆಯವರೆಗೆ ನಡೆದು ನೋಡಿದರು. ನೀರು ಮಗಳ ಕಡೆಯಿಂದ ತಾಯಿಯ ಕಡೆಗೆ ಹರಿಯಬೇಕು, ತಾಯಿಯಿಂದ ಮಗಳಿಗಲ್ಲ ಎಂದು ಹೇಳಿ, ಗುಡಿಸಲನ್ನು ಕೀಳಿಸಿ ಕಾಲುವೆಯ ಕೆಳಬದಿಗೆ ಹಾಕಿಸಿದರು. ಮೇಲಿನ ಬದಿಯಲ್ಲಿ, ಆಚೆ ದಂಡೆಯ ಬೇವಿನ ಗಿಡದ ಕೆಳಗೆ ಮಗು ಆಡುವ ಜಾಗ. ಬಸಪ್ಪನ ಹೆಂಡತಿ ದಿನಾ ಬೆಳಿಗ್ಗೆ ಮಗುವನ್ನು ಅಲ್ಲಿಗೆ ಕರೆತರುತ್ತಿದ್ದಳು. ಸಿಟ್ಟಿನ ಡಾಕ್ಟರಬಾಯಿಯನ್ನು ನೆನೆದಾಗ ನನಗೆ ಕಾಣುವುದು ಆ ಕೆಸರು ಹತ್ತಿದ ಸೀರೆಯ ಅಂಚು.

ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಕೇಂದ್ರದ ಹಿತ್ತಿಲಿನ ಬೀಜ ಒಯ್ದು ಆಚೆ ದಂಡೆಯಲ್ಲಿ ಮಗುವಿನ ಕೈಯಿಂದಲೇ ಹಾಕಿಸಿದೆ. ನೀಲವ್ವ ಈಚೆ ನೀರಿನ ಅಂಚಿಗೇ ಹಾಕಿದ ಮಂಚದ ಮೇಲೆ ದಿಂಬಿಗೆ ಒರಗಿ ಹೇಗೆ ಹಾಕಬೇಕೆಂದು ಹೇಳಿಕೊಡುತ್ತಿದ್ದಳು. ಮೊಳಕೆ ಬಂದ ದಿನ ಮಗು ಕೂಗಿ ಹೇಳಿತು. ಬಳ್ಳಿ ಬೇವಿನ ಗಿಡಕ್ಕೆ ಕೈ ಚಾಚಿದ ದಿನ, ಮೊದಲ ಹಳದಿ ಹೂವು ಬಿಟ್ಟ ದಿನ, ಎಲ್ಲವೂ ಕಾಲುವೆ ದಾಟಿ ಬಂದ ಸುದ್ದಿಗಳು. ಕಾಯಿ ಕಟ್ಟದ ಹೂವುಗಳನ್ನು ಮಗು ನೀರಿನಲ್ಲಿ ತೇಲಿಬಿಡುತ್ತಿತ್ತು.

"ಅವ್ವಾ, ಬಂತೇನ?"

"ಬಂತವ್ವಾ."

ನೀಲವ್ವ ಆ ಒದ್ದೆ ಹೂವನ್ನು ಎತ್ತಿ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು. ನಾನು ನಾಡಿ ನೋಡಲು ಕೈ ಹಿಡಿದರೆ, ಸ್ವಲ್ಪ ನಿಲ್ಲಿ, ಇನ್ನೊಂದು ಬರುತ್ತಿದೆ ಎಂದು ಕೈ ಬಿಡಿಸಿಕೊಳ್ಳುತ್ತಿದ್ದಳು. ಒಪ್ಪತ್ತು ಬಿಟ್ಟು ಎರಡು ಹೊತ್ತು ಉಣ್ಣತೊಡಗಿದಳು, ನಾಳೆ ಮಗು ಏನು ಮಾಡುತ್ತದೋ ನೋಡಬೇಕಲ್ಲ ಎಂದು. ಮೊದಲೆಲ್ಲ ಐದು ತುಂಬಲಿ ಎನ್ನುತ್ತಿದ್ದವಳು ಆ ಮಾತನ್ನೇ ಆಡದಾದಳು. ನಾನು ಹೋದಾಗ ಅವಳ ಹತ್ತಿರ ವಾರದ ಸುದ್ದಿ ಕೂಡಿರುತ್ತಿತ್ತು: ಮಗು ಕುಂಟುಬಿಲ್ಲೆ ಕಲಿತದ್ದು, ಇರುವೆಗೆ ಸಕ್ಕರೆ ಹಾಕಿ ಬೈಸಿಕೊಂಡದ್ದು, ಹೋದ ವಾರ ಬದನೆ ಗಿಡದಷ್ಟಿದ್ದವಳು ಈಗ ಅದನ್ನು ಮೀರಿದ್ದು. ಬೆಳೆದಳು ಎಂದು ಬಾಯಿಬಿಟ್ಟು ಹೇಳಬಾರದೆನ್ನುವ ಕಟ್ಟಳೆಯನ್ನು ಅವಳು ತಾನಾಗಿ ಮುರಿದಿದ್ದಳು. ಒಂದು ದಿನ ಪಾರ್ವತಿ ಎಂದು ಕೂಗಿದಳು. ಮಗುವಿಗೆ ಅದು ತನ್ನ ಹೆಸರೆಂದು ಗೊತ್ತಿರಲಿಲ್ಲ. ಹಿಂತಿರುಗಿ ಯಾರು ಬಂದರೆಂದು ನೋಡಿತು.

ಮಳೆಗಾಲ ಮುಗಿಯುವ ಹೊತ್ತಿಗೆ ನೀಲವ್ವ ದಿಂಬಿನಿಂದ ಏಳಲಾರದಾದಳು. ಬಳ್ಳಿಯಲ್ಲಿ ಹೀಚು ಕಟ್ಟಿತ್ತು. ಮಗುವಿಗೆ ಐದು ತುಂಬಲು ಇನ್ನೂ ತಿಂಗಳುಗಳಿದ್ದವು. ಹರಕೆಯನ್ನು ಈಗಲೇ ತೀರಿಸಿ ಎಂದು ನೀಲವ್ವ ಅಣ್ಣನಿಗೆ ಹೇಳಿದಳು. ಸುದ್ದಿ ಸಾಂಗ್ಲಿಗೆ ಹೋಗಿ, ಅವಳ ಗಂಡ ಗಾಡಿಯಲ್ಲಿ ಬೆಲ್ಲದ ಪೆಂಟೆ ಹೇರಿಕೊಂಡು ಬಂದರು. ಹಿಂದೆಯೇ ಅತ್ತೆಯೂ ಬಂದರು. ಅವರು ಕೆಟ್ಟವರಲ್ಲ. ಸತ್ತ ಮೊಮ್ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡವರು ಅವರೇ.

"ಐದು ತುಂಬೂ ಮೊದಲ ಈ ಹರಕಿ ತೀರಸಬಾರದು, ನೀಲವ್ವ," ಎಂದರು ಕಾಲುವೆಯ ಆಚೆಯಿಂದ. "ದೇವರಿಗೆ ಮಾತು ಕೊಟ್ಟೀದಿ."

"ಕೊಟ್ಟೇನ್ರಿ, ಅತ್ತಿ. ದೇವರಿಗೆ ಕಾಯಾಕ ಬೇಕಾದಷ್ಟು ಹೊತ್ತೈತಿ. ನನಗ ಇಲ್ಲ."

ಬಸಪ್ಪ ಬೇವಿನ ಕೊಂಬೆಗೆ ತಕ್ಕಡಿ ಕಟ್ಟಿದ. ಒಂದು ತಟ್ಟೆಯಲ್ಲಿ ಮಗುವನ್ನು ಕೂಡಿಸಿದರು. ಬೇಡಿ ತಂದ ಬಟ್ಟೆಯ ಅಂಗಿ ತೆಗೆದು ಹಸಿರು ರೇಷ್ಮೆಯ ಹೊಸ ಲಂಗ ತೊಡಿಸಿದ್ದರು. ಇನ್ನೊಂದು ತಟ್ಟೆಯಲ್ಲಿ ಗಂಡ ಒಂದೊಂದೇ ಪೆಂಟೆ ಇಡುತ್ತ ಬಂದರು. ಮಗುವಿನ ತಟ್ಟೆ ನೆಲ ಬಿಟ್ಟು ತೂಗತೊಡಗಿದಾಗ ಮಗು ಹಗ್ಗ ಹಿಡಿದು ಕೇಕೆ ಹಾಕಿ ನಕ್ಕಿತು. ಈಚೆ ದಂಡೆಯಲ್ಲಿ ನಾನು ನೀಲವ್ವನ ಬೆನ್ನಿಗೆ ಕೈ ಕೊಟ್ಟು ಹಿಡಿದಿದ್ದೆ. ಆ ಬೆನ್ನಿನಲ್ಲಿ ಏನೂ ಉಳಿದಿರಲಿಲ್ಲ. ಅವಳು ನನ್ನ ಕೈಯ ಆಸರೆಯಿಂದ ಮುಂದಕ್ಕೆ ಬಾಗಿ, ಬಲಗೈ ಎತ್ತಿ, ಬೆರಳನ್ನು ನೆಟ್ಟಗೆ ಮಾಡಿ ಮಗಳ ಕಡೆ ತೋರಿಸಿದಳು. ಆಚೆ ಕಡೆ ಅತ್ತೆಯ ಕೈ ತಡೆಯುವಂತೆ ತಾನಾಗಿ ಮೇಲೆದ್ದು, ಮತ್ತೆ ಕೆಳಗಿಳಿಯಿತು.

"ಎಲ್ಲಾರೂ ನೋಡ್ರಿ," ಎಂದಳು ನೀಲವ್ವ. ಧ್ವನಿ ಸಣ್ಣದಾಗಿತ್ತು, ಆದರೆ ಕೇಳಿಸಿತು. "ನನ್ನ ಮಗಳು ಪಾರ್ವತಿ. ಎಷ್ಟ ದೊಡ್ಡಾಕಿ ಆಗ್ಯಾಳ ನೋಡ್ರಿ. ಎಷ್ಟ ಚಂದ ಅದಾಳ."

ಆ ಬೆರಳು ಬಹಳ ಹೊತ್ತು ಇಳಿಯಲಿಲ್ಲ. ಕುಂಬಳಗಳು ಬಲಿಯುವ ಮೊದಲೇ ನೀಲವ್ವ ಹೋದಳು. ಕಾಯಿಗಳು ಕೊಳೆಯಲಿಲ್ಲ. ಬಸಪ್ಪ ಅವುಗಳನ್ನು ಗಾಡಿಯಲ್ಲಿ ಹೇರಿ ಕೇಂದ್ರಕ್ಕೆ ತಂದುಕೊಟ್ಟ. ಡಾಕ್ಟರಬಾಯಿ ಒಂದನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದರು, ಬೇಸಿಗೆಯವರೆಗೂ ಕೊಯ್ಯಲು ಬಿಡಲಿಲ್ಲ. ಅಂದಿನಿಂದ ನಮ್ಮ ಕೇಂದ್ರದಲ್ಲಿ ಪ್ರತಿ ಸಲವೂ ಮೊದಲು ತಾಯಿಯನ್ನು ಒಬ್ಬಳನ್ನೇ ತೂಗುತ್ತಿದ್ದೆವು. ಕೆಲಸದ ರೀತಿಯಲ್ಲಿ ನಾನು ಕಂಡ ದೊಡ್ಡ ಬದಲಾವಣೆ ಇದೊಂದೇ. ಆಮೇಲೆ ಒಳ್ಳೆಯ ತಕ್ಕಡಿಗಳು ಬಂದವು, ಕೂಸುಗಳನ್ನು ನೇರವಾಗಿ ಇಟ್ಟು ತೂಗಲು ತಾಯಂದಿರೂ ಹೆದರದಾದರು. ಆಗ ಹೊಸ ಡಾಕ್ಟರುಗಳು, ಇನ್ನು ತಾಯಿಯ ತೂಕ ಏಕೆ ಎಂದು ಕೇಳುತ್ತಿದ್ದರು. ನಾನು ಮುದುಕಿಯ ಹಟವೆಂದು ತಿಳಿಯಿರಿ ಎಂದು ಹೇಳಿ ತೂಗುತ್ತಲೇ ಇದ್ದೆ.

ಸಂಸ್ಥಾನಗಳು ಹೋಗುವುದಕ್ಕೆ ಸ್ವಲ್ಪ ಮೊದಲು, ನನ್ನ ಕೆಲಸದ ಕೊನೆಯ ದಿನಗಳಲ್ಲಿ, ಸಲಗರೆಯಿಂದ ಒಬ್ಬ ಎಳೆಯ ತಾಯಿ ಕೂಸು ಎತ್ತಿಕೊಂಡು ಬಂದಳು. ಗಲ್ಲ ನೋಡಿದ ಕೂಡಲೇ ಗುರುತು ಸಿಕ್ಕಿತು. ಪಾರ್ವತಿಯನ್ನು ಸಲಗರೆಗೆ ಕೊಟ್ಟಿದ್ದರೆಂದು ಕೇಳಿದ್ದೆ. ಹಿತ್ತಿಲ ಕಟ್ಟೆಯ ಮೇಲೆ, ಅವಳ ತಾಯಿ ಕುಳಿತಿದ್ದ ಜಾಗದಲ್ಲೇ ಕೂಡಿಸಿ ಮಾತಾಡಿಸಿದೆ. ಅವ್ವನ ನೆನಪಿದೆಯೇ ಎಂದು ಕೇಳಬಾರದಿತ್ತೇನೋ, ಕೇಳಿಬಿಟ್ಟೆ.

"ಮಾರಿ ನೆನಪಿಲ್ಲ, ಬಾಯಾರ," ಎಂದಳು. "ಎಷ್ಟ ನೆನಸಿದ್ರೂ ಬರೂದಿಲ್ಲ. ಕಾಲುವಿ ಆಚೀಕ ಒಂದು ಕೈ ನೆನಪೈತಿ. ಬೆರಳ ಮಾಡಿ ನನ್ನ ತೋರಸತಿತ್ತು."

ಕೂಸು ಅವಳ ಬಗಲಲ್ಲಿ ಬಳ್ಳಿಯ ಕಡೆ ಚಾಚಿಕೊಂಡು ನಗುತ್ತಿತ್ತು. ಅದನ್ನು ನಾನು ಎತ್ತಿಕೊಂಡೆ. ಅವಳು ತಕ್ಕಡಿಯ ಕಡೆ ನೋಡಿ, ಎಲ್ಲಿ ಮಲಗಿಸಬೇಕು ಎಂದು ಕೇಳಿದಳು.

"ಕೂಸು ಆಮ್ಯಾಲ," ಎಂದೆ. "ಮೊದಲ ನೀ ಹತ್ತವ್ವ."